ನಾಲ್ಕು ಕಾಲೋ, ಎರಡೇ ಕಾಲೋ? ನೂರು ವರ್ಷ ಎಳೆದ ಪ್ಲೇಟಿಯೋಸಾರಸ್ ಜಗಳ

ಮೂಳೆ ಸಿಕ್ಕರೆ ಸಾಕು, ಡೈನೋಸಾರ್ ಹೇಗಿತ್ತು ಅಂತ ವಿಜ್ಞಾನಿಗಳು ಹೇಳಿಬಿಡ್ತಾರೆ ಅಂತ ನಾವು ಅಂದುಕೊಂಡಿರುತ್ತೇವೆ. ಪ್ಲೇಟಿಯೋಸಾರಸ್ ವಿಷಯದಲ್ಲಿ ಅದು ಅಷ್ಟು ಸುಲಭವಾಗಲಿಲ್ಲ. ಈ ಸಸ್ಯಾಹಾರಿ ಬದುಕಿದ್ದು ಸುಮಾರು 21 ಕೋಟಿ ವರ್ಷಗಳ ಹಿಂದೆ, ಈಗಿನ ಜರ್ಮನಿ, ಸ್ವಿಟ್ಜರ್ಲೆಂಡ್ ಇರುವ ಕಡೆ. ಪೂರ್ತಿಯೋ ಅರೆಬರೆಯೋ, ಇದರ ನೂರಕ್ಕೂ ಹೆಚ್ಚು ಅಸ್ಥಿಪಂಜರಗಳು ಸಿಕ್ಕಿವೆ. ಇಷ್ಟು ಹಳೆಯ ಡೈನೋಸಾರ್‌ಗಳಲ್ಲಿ ಇದರಷ್ಟು ಚೆನ್ನಾಗಿ ಗೊತ್ತಿರುವುದು ಬೇರೆ ಸಿಗೋದು ಕಷ್ಟ. ಹಾಗಿದ್ದೂ ಅದು ನಡೀತಿದ್ದದ್ದು ಎರಡು ಕಾಲಲ್ಲೋ ನಾಲ್ಕರಲ್ಲೋ ಅನ್ನೋದು ಇತ್ಯರ್ಥವಾಗಲು ಹತ್ತಿರ ಹತ್ತಿರ ನೂರು ವರ್ಷ ಹಿಡಿಯಿತು.

ಮೂಳೆ ಸಾಲದೆ ಹೀಗಾಯಿತು ಅನ್ನುವಂತಿಲ್ಲ. ನೋಡುವವರ ತಲೆಯಲ್ಲಿ ಮೊದಲೇ ಬೇರೊಂದು ಪ್ರಾಣಿ ಕೂತಿತ್ತು. ಒಂದು ಕಾಲದಲ್ಲಿ ಅದು ಹಲ್ಲಿ. ಆಮೇಲೆ, ಇದೇ ವಂಶದಲ್ಲಿ ಮುಂದೆ ಬಂದ ಬ್ರಾಕಿಯೋಸಾರಸ್‌ನಂಥ ಉದ್ದ ಕತ್ತಿನ ದೈತ್ಯಗಳು. ಪ್ಲೇಟಿಯೋಸಾರಸ್ ಅನ್ನು ಒಮ್ಮೆ ದೊಡ್ಡ ಹಲ್ಲಿಯಾಗಿ ನೋಡಿದರು, ಇನ್ನೊಮ್ಮೆ ಅರ್ಧಕ್ಕೆ ನಿಂತ ದೈತ್ಯನಾಗಿ ನೋಡಿದರು. ಅದು ಎರಡೂ ಆಗಿರಲಿಲ್ಲ.

ಮೊದಲ ಮೂಳೆಗಳು ಸಿಕ್ಕಿದ್ದು 1834ರಲ್ಲಿ, ನ್ಯೂರೆಂಬರ್ಗ್ ಹತ್ತಿರದ ಹೆರೋಲ್ಡ್ಸ್‌ಬರ್ಗ್ ಬಳಿ. ಹುಡುಕಿದವರು ಯೋಹಾನ್ ಫ್ರೀಡ್ರಿಕ್ ಎಂಗೆಲ್‌ಹಾರ್ಟ್. 1837ರಲ್ಲಿ ಹರ್ಮನ್ ಫಾನ್ ಮೇಯರ್ ಅದಕ್ಕೆ ಹೆಸರಿಟ್ಟರು. ಗಮನಿಸಿ, ಆಗಿನ್ನೂ 'ಡೈನೋಸಾರ್' ಅನ್ನೋ ಗುಂಪೇ ಇರಲಿಲ್ಲ. ಲಂಡನ್ನಿನ ರಿಚರ್ಡ್ ಓವನ್ ಆ ಗುಂಪು ಕಟ್ಟಿದ್ದು 1842ರಲ್ಲಿ, ಅದರಲ್ಲೂ ಪ್ಲೇಟಿಯೋಸಾರಸ್‌ಗೆ ಜಾಗ ಸಿಗಲಿಲ್ಲ. ಸಿಕ್ಕಿದ್ದ ಮೂಳೆಗಳು ಅಷ್ಟು ಚೂರುಪಾರು.

ನಿಜವಾದ ಸುಗ್ಗಿ ಶುರುವಾದದ್ದು ಇಪ್ಪತ್ತನೇ ಶತಮಾನದಲ್ಲಿ. ದಕ್ಷಿಣ ಜರ್ಮನಿಯ ಟ್ರೋಸಿಂಗೆನ್‌ನಲ್ಲಿ 1911ರಿಂದ 1932ರ ನಡುವೆ ಮೂವರು ಬೇರೆ ಬೇರೆ ಕಾಲಕ್ಕೆ ಅಗೆದರು: ಎಬರ್‌ಹಾರ್ಡ್ ಫ್ರಾಸ್, ಫ್ರೀಡ್ರಿಕ್ ಫಾನ್ ಹ್ಯೂನೆ, ರೈನ್‌ಹೋಲ್ಡ್ ಸೀಮನ್. ಒಟ್ಟು 35 ಒಳ್ಳೆಯ ಅಸ್ಥಿಪಂಜರಗಳು, ಜೊತೆಗೆ ಸುಮಾರು 70 ಪ್ರಾಣಿಗಳ ಬಿಡಿ ಮೂಳೆಗಳು ಬಂದವು. ಉತ್ತರದ ಹಾಲ್ಬರ್‌ಸ್ಟಾಟ್‌ನ ಮಣ್ಣಿನ ಗಣಿಯಲ್ಲಿ ಇನ್ನೊಂದು ರಾಶಿ. ಸ್ವಿಟ್ಜರ್ಲೆಂಡಿನ ಫ್ರಿಕ್ ಊರಿನ ಮಣ್ಣಿನ ಗಣಿಯಲ್ಲಿ ಮತ್ತೊಂದು. ಉತ್ತರ ಸಮುದ್ರದ ತಳದಲ್ಲಿ ಎಣ್ಣೆಗಾಗಿ 1997ರಲ್ಲಿ ಕೊರೆದಾಗ, ಸಮುದ್ರದ ನೆಲದಿಂದ 2,256 ಮೀಟರ್ ಆಳದ ಕಲ್ಲಿನ ಕಂಬದಲ್ಲೂ ಒಂದು ಮೂಳೆ ತುಂಡು ಸಿಕ್ಕಿತು. 2006ರಲ್ಲಿ ಅದನ್ನು ಪ್ಲೇಟಿಯೋಸಾರಸ್ ಅಂತ ಗುರುತಿಸಿದರು. ನಾರ್ವೆ ದೇಶದ ಮೊದಲ ಡೈನೋಸಾರ್ ಅದೇ. ಸಮುದ್ರದ ಅಷ್ಟು ಕೆಳಗೆ, ಅಂಗೈಯಗಲದ ಕೊಳವೆಯೊಳಗೆ ಸರಿಯಾಗಿ ಒಂದು ಮೂಳೆ ಬಂದು ಸಿಕ್ಕೋದು ಅಂದ್ರೆ, ಆಗ ಅಲ್ಲಿ ಇವು ಎಷ್ಟು ಜಾಸ್ತಿ ಇದ್ದಿರಬೇಕು ಯೋಚಿಸಿ.

ಅಂಗೈ ಕೆಳಗೆ ಮಾಡಿ ನೋಡಿ

ಹಾಲ್ಬರ್‌ಸ್ಟಾಟ್ ಪ್ರಾಣಿಗಳನ್ನು ಅಧ್ಯಯನ ಮಾಡಿದ ಒಟ್ಟೋ ಯೇಕೆಲ್ 1910ರಲ್ಲಿ, ಇದು ಹಲ್ಲಿಯ ಹಾಗೆ ಕಾಲುಗಳನ್ನು ಪಕ್ಕಕ್ಕೆ ಚಾಚಿ, ಮೈ ಬಳುಕಿಸಿಕೊಂಡು ತೆವಳುತ್ತಿತ್ತು ಅಂದರು. ಒಂದೇ ವರ್ಷದಲ್ಲಿ ಮನಸ್ಸು ಬದಲಾಯಿತು. ಇಲ್ಲ, ಕಾಂಗರೂ ತರಹ ಅಡ್ಡಾದಿಡ್ಡಿ ಕುಪ್ಪಳಿಸುತ್ತಿತ್ತು ಅಂದರು. ಪ್ರಾಣಿಶಾಸ್ತ್ರಜ್ಞ ಗುಸ್ತಾವ್ ಟೋರ್ನಿಯರ್ ಅದಕ್ಕೆ ನಕ್ಕರು. ಅವರ ಪ್ರಕಾರ ಹಲ್ಲಿಯೇ ಸರಿ. ಟ್ರೋಸಿಂಗೆನ್‌ನಲ್ಲಿ ಮೊದಲು ಅಗೆದ ಫ್ರಾಸ್ ಕೂಡ ಹಲ್ಲಿ ಕಡೆಗೇ ಇದ್ದರು. ಹ್ಯೂನೆ ಮಾತ್ರ ಎರಡು ಕಾಲಿನ ಪ್ರಾಣಿ ಅಂತ ಗಟ್ಟಿಯಾಗಿ ಹೇಳಿದರು.

ಆಮೇಲಿನ ದಶಕಗಳಲ್ಲಿ ಒಂದು ರಾಜಿಸೂತ್ರ ಹುಟ್ಟಿಕೊಂಡಿತು. ಮೆಲ್ಲಗೆ ಹೋಗುವಾಗ ನಾಲ್ಕು ಕಾಲು, ಓಡುವಾಗ ಎರಡು. ಕೇಳೋಕೆ ಎಷ್ಟು ಸಮಾಧಾನ ಅಲ್ವಾ? ಯಾರಿಗೂ ಬೇಸರವಿಲ್ಲ. ಮ್ಯೂಸಿಯಂಗಳಲ್ಲಿ, ಮಕ್ಕಳ ಪುಸ್ತಕಗಳಲ್ಲಿ, ಪ್ಲಾಸ್ಟಿಕ್ ಆಟಿಕೆಗಳಲ್ಲಿ ಪ್ಲೇಟಿಯೋಸಾರಸ್ ಮುಂಗಾಲು ಊರಿಕೊಂಡು ನಿಂತಿತು. ಇವತ್ತಿಗೂ ಕೆಲವು ಕಡೆ ಹಾಗೇ ನಿಂತಿದೆ.

ಈ ರಾಜಿಯನ್ನು ಮುರಿದದ್ದು ಒಂದು ಸಣ್ಣ ಪ್ರಶ್ನೆ. ಮುಂಗೈಯನ್ನು ಅದು ತಿರುಗಿಸಬಲ್ಲದಾಗಿತ್ತಾ?

ನಿಮ್ಮ ಮೊಣಕೈಯನ್ನು ಮೇಜಿನ ಮೇಲೆ ಊರಿ, ಅಂಗೈ ಮೇಲೆ ಮಾಡಿ. ಈಗ ಅಂಗೈಯನ್ನು ಕೆಳಗೆ ತಿರುಗಿಸಿ. ಮೊಣಕೈ ಕದಲಲಿಲ್ಲ, ಆದರೂ ಕೈ ತಿರುಗಿತು. ಮುಂಗೈಯಲ್ಲಿ ಎರಡು ಮೂಳೆಗಳಿವೆ. ಅಂಗೈ ಕೆಳಗಾದಾಗ ಒಂದು ಮೂಳೆ ಇನ್ನೊಂದರ ಮೇಲೆ ಅಡ್ಡ ಹಾಯುತ್ತದೆ. ಹಾಯಲು ಆಗುವುದು ಆ ಮೂಳೆಯ ಮೇಲ್ತುದಿ ನಮ್ಮಲ್ಲಿ ಗುಂಡಗಿರುವುದರಿಂದ. ಅದು ಅಲ್ಲೇ ಉರುಳುತ್ತದೆ. ನಾಲ್ಕು ಕಾಲಲ್ಲಿ ನಡೆಯುವ ಪ್ರಾಣಿ ಪಾದವನ್ನು ಮುಂದಕ್ಕೆ ಮಾಡಿ ಊರಬೇಕು ಅಂದ್ರೆ ಈ ಎರಡು ಮೂಳೆಗಳು ಹೇಗಾದರೂ ಅಡ್ಡ ಹಾದಿರಲೇಬೇಕು.

ಮ್ಯಾಥ್ಯೂ ಬೊನ್ನನ್ ಮತ್ತು ಫಿಲ್ ಸೆಂಟರ್ 2007ರಲ್ಲಿ ಪ್ಲೇಟಿಯೋಸಾರಸ್‌ನ ಮುಂಗೈ ಮೂಳೆಗಳನ್ನು ಇಟ್ಟುಕೊಂಡು ಇದನ್ನೇ ಪರೀಕ್ಷಿಸಿದರು. ಮೂಳೆ ತಿರುಗಲಿಲ್ಲ. ಅದರ ಅಂಗೈಗಳು ಯಾವಾಗಲೂ ಒಂದನ್ನೊಂದು ನೋಡುತ್ತಿದ್ದವು, ನಾವು ಚಪ್ಪಾಳೆ ತಟ್ಟಲು ಕೈ ಹಿಡಿದಾಗ ಇರುವಂತೆ. ಅಂಥ ಕೈಯನ್ನು ನೆಲಕ್ಕೆ ಊರಿ ನಡೆಯೋದು ಆಗದ ಮಾತು.

ಮೂರು ವರ್ಷ ಕಳೆದು ಹೈನ್ರಿಕ್ ಮ್ಯಾಲಿಸನ್ ಇನ್ನೊಂದು ದಾರಿ ಹಿಡಿದರು. ಟ್ಯೂಬಿಂಗೆನ್‌ನಲ್ಲಿರುವ ಒಂದು ಅಸ್ಥಿಪಂಜರದ ಮೂಳೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರ್ ಒಳಗೆ ಜೋಡಿಸಿದರು. ಮೇಲೆ ಮಾಂಸ, ಹೊಟ್ಟೆ, ಬಾಲ ಎಲ್ಲ ಹಚ್ಚಿ ತೂಕದ ನಡುಬಿಂದು ಎಲ್ಲಿ ಬೀಳುತ್ತದೆ ನೋಡಿದರು. ಅದು ನೇರ ಹಿಂಗಾಲಿನ ಪಾದಗಳ ಮೇಲೆ ಬಿತ್ತು. ಅಂದ್ರೆ ಪ್ರಾಣಿ ಆರಾಮಾಗಿ ಎರಡು ಕಾಲಲ್ಲಿ ನಿಲ್ಲಬಹುದು, ಮುಂಗಾಲಿನ ಸಹಾಯ ಬೇಕಿಲ್ಲ. ಅದೇ ಮಾದರಿಯನ್ನು ಬಗ್ಗಿಸಿ ನಾಲ್ಕು ಕಾಲಲ್ಲಿ ನಡೆಸಲು ಹೋದಾಗ ಎಡವಟ್ಟು ಶುರುವಾಯಿತು. ಮುಂಗಾಲು ಹಿಂಗಾಲಿನ ಅರ್ಧದಷ್ಟೇ ಉದ್ದ. ಹಿಂಗಾಲು ಒಂದು ದೊಡ್ಡ ಹೆಜ್ಜೆ ಹಾಕುವಷ್ಟರಲ್ಲಿ ಮುಂಗಾಲಿಗೆ ಆ ದೂರ ಮುಟ್ಟಲಾಗದು. ಬೆನ್ನು ಇಳಿಜಾರಾಗಿ ತಲೆ ನೆಲಕ್ಕೆ ಹತ್ತಿರವಾಗುತ್ತದೆ.

ಕಂಪ್ಯೂಟರ್ ಮಾದರಿ ಅಂದ ತಕ್ಷಣ ಪೂರ್ತಿ ನಂಬೋದೂ ತಪ್ಪು. ಕೀಲುಗಳ ಮೃದ್ವಸ್ಥಿ ಪಳೆಯುಳಿಕೆಯಾಗಿ ಉಳಿಯೋದಿಲ್ಲ. ಅದು ಎಷ್ಟು ದಪ್ಪ ಇತ್ತು ಅನ್ನೋದರ ಮೇಲೆ ಕೀಲು ಎಷ್ಟು ತಿರುಗುತ್ತದೆ ಅನ್ನೋದೂ ಬದಲಾಗುತ್ತದೆ. ಆದರೆ ಮುಂಗೈ ಮೂಳೆ, ಕಾಲಿನ ಉದ್ದ, ತೂಕದ ನಡುಬಿಂದು, ಈ ಮೂರೂ ಒಂದೇ ದಿಕ್ಕಿಗೆ ಕೈ ತೋರಿಸುತ್ತಿವೆ. ನನ್ನ ಮಟ್ಟಿಗೆ ಈ ಜಗಳ ಮುಗಿದಿದೆ.

ಹಾಗಾದರೆ ಆ ಕೈಗಳು ಯಾಕೆ? ಐದು ಬೆರಳು, ಅದರಲ್ಲಿ ಮೂರಕ್ಕೆ ಗಟ್ಟಿ ಉಗುರು, ಹೆಬ್ಬೆರಳಿನದಂತೂ ಕುಡುಗೋಲಿನಷ್ಟು ಬಾಗಿದ ದೊಡ್ಡ ಉಗುರು. ನಡೆಯುವ ಕೆಲಸವಿಲ್ಲದ ಕೈಗೆ ಹಿಡಿಯುವ ಕೆಲಸ ಉಳಿಯುತ್ತದೆ. ಕೊಂಬೆ ಬಗ್ಗಿಸಿ ಬಾಯಿಗೆ ತರಲು ಬಳಸಿರಬಹುದು, ಮೈಮೇಲೆ ಬಂದ ಬೇಟೆಗಾರನಿಗೆ ಒಂದು ಕೊಡಲೂ ಬಳಸಿರಬಹುದು. ಎರಡಕ್ಕೂ ಆ ಉಗುರು ತಕ್ಕದ್ದೇ.

ಅಗಿಯದ ಬಾಯಿ, ದೊಡ್ಡ ಹೊಟ್ಟೆ

ತಲೆ ನೋಡಿದರೆ ಮೈಗೆ ಹೋಲಿಸಿದಾಗ ಸಣ್ಣದು, ಕಿರಿದು, ಉದ್ದ. ಹಲ್ಲುಗಳು ಮಾತ್ರ ತುಂಬಾ. ಮೇಲ್ದವಡೆಯ ಒಂದು ಪಕ್ಕದಲ್ಲೇ ಸುಮಾರು 30 ಹಲ್ಲು. ಪ್ರತಿಯೊಂದೂ ಎಲೆಯ ಆಕಾರ, ಅಂಚಿನಲ್ಲಿ ದಪ್ಪ ದಪ್ಪ ಗರಗಸ. ಮಾಂಸ ಹರಿಯುವ ಹಲ್ಲಾದರೆ ಹಿಂದಕ್ಕೆ ಬಾಗಿ, ಅಂಚಿನ ಗರಗಸ ಸಣ್ಣಗಿರುತ್ತದೆ. ಇದು ಎಲೆ, ಸೊಪ್ಪು ಹರಿಯಲು ಹೇಳಿ ಮಾಡಿಸಿದಂತಿದೆ.

ಹಲ್ಲಿಗಿಂತ ನನಗೆ ದವಡೆಯ ಕೀಲು ಹೆಚ್ಚು ಕುತೂಹಲದ್ದು. ಮಾಂಸಾಹಾರಿಗಳಲ್ಲಿ ಅದು ಹಲ್ಲಿನ ಸಾಲಿಗೆ ಸರಿಸಮ ಇರುತ್ತದೆ. ಬಾಯಿ ಮುಚ್ಚಿದಾಗ ಹಿಂದಿನ ಹಲ್ಲು ಮೊದಲು, ಮುಂದಿನದು ಆಮೇಲೆ ಸೇರುತ್ತವೆ, ಕತ್ತರಿಯ ಹಾಗೆ. ಪ್ಲೇಟಿಯೋಸಾರಸ್‌ನಲ್ಲಿ ಕೀಲು ಹಲ್ಲಿನ ಸಾಲಿಗಿಂತ ಕೆಳಗಿದೆ. ಹಾಗಾಗಿ ಎಲ್ಲ ಹಲ್ಲುಗಳೂ ಹೆಚ್ಚುಕಡಿಮೆ ಒಟ್ಟಿಗೆ ಕಚ್ಚುತ್ತವೆ. ನಾರಿನ ಸೊಪ್ಪನ್ನು ಹಿಡಿದು ಹರಿಯಲು ಇದು ಅನುಕೂಲ. ಆದರೆ ಅಗಿಯಲು ಅಲ್ಲ. ಹಸು, ಎಮ್ಮೆಯ ಹಲ್ಲು ಒಂದಕ್ಕೊಂದು ತೀಡಿ ಸವೆದಿರುತ್ತದೆ. ಇಲ್ಲಿ ಆ ಥರ ಸವೆತ ಕಾಣುವುದಿಲ್ಲ. ಕಿತ್ತದ್ದನ್ನು ಹಾಗೇ ನುಂಗುವುದು, ಅಷ್ಟೇ.

ಆಗ ಹುಲ್ಲೂ ಇರಲಿಲ್ಲ, ಹೂಬಿಡುವ ಗಿಡಗಳೂ ಇರಲಿಲ್ಲ. ಜರೀಗಿಡ, ಸೈಕಾಡ್, ಸೂಜಿ ಎಲೆಯ ಮರಗಳು, ನೀರಂಚಿನ ಹಾರ್ಸ್‌ಟೇಲ್. ಬಿರುಸಾದ, ನಾರು ಜಾಸ್ತಿಯಿರುವ ಮೇವು. ಅಗಿಯದೆ ನುಂಗಿದ್ದನ್ನು ಅರಗಿಸುವ ಕೆಲಸವೆಲ್ಲ ಹೊಟ್ಟೆಯ ಮೇಲೆ ಬಿತ್ತು. ಸೂಕ್ಷ್ಮಜೀವಿಗಳು ಕೊಳೆಸಿ ಸಾರ ತೆಗೆಯುವಷ್ಟು ಹೊತ್ತು ಅದನ್ನು ಒಳಗೆ ಇಟ್ಟುಕೊಳ್ಳಬೇಕು. ಅದಕ್ಕೆ ದೊಡ್ಡ ಕರುಳು ಬೇಕು. ದೊಡ್ಡ ಕರುಳಿಗೆ ದೊಡ್ಡ ಮೈ ಬೇಕು.

ಇಲ್ಲೇ ತೊಡಕು ಬರುವುದು. ಈ ವಂಶದ ಡೈನೋಸಾರ್‌ಗಳಲ್ಲಿ ಸೊಂಟದ ಮುಂಭಾಗದ ಮೂಳೆ ಮುಂದಕ್ಕೆ ಚಾಚಿಕೊಂಡಿದೆ. ಹಾಗಾಗಿ ಕರುಳು ಕೂರುವುದು ಕಾಲುಗಳ ಮುಂದೆ. ಹೊಟ್ಟೆ ಬೆಳೆದಷ್ಟೂ ಪ್ರಾಣಿ ಮುಂದಕ್ಕೆ ಮುಗ್ಗರಿಸಬೇಕು. ಸಸ್ಯಾಹಾರಿಗಳ ಇನ್ನೊಂದು ದೊಡ್ಡ ವಂಶದಲ್ಲಿ, ಅಂದ್ರೆ ಇಗ್ವಾನೊಡಾನ್ ಕಡೆಯವರಲ್ಲಿ, ಆ ಮೂಳೆ ಹಿಂದಕ್ಕೆ ತಿರುಗಿ ಕರುಳಿಗೆ ಕಾಲುಗಳ ನಡುವೆಯೇ ಜಾಗ ಮಾಡಿಕೊಟ್ಟಿತು. ಪ್ಲೇಟಿಯೋಸಾರಸ್‌ಗೆ ಆ ಸೌಲಭ್ಯ ಇರಲಿಲ್ಲ. ಅದು ಲೆಕ್ಕ ಸರಿದೂಗಿಸಿದ್ದು ಬಾಲದಿಂದ. 40ಕ್ಕೂ ಹೆಚ್ಚು ಮೂಳೆಗಳ, ಬುಡದಲ್ಲಿ ದಪ್ಪ ಮಾಂಸಖಂಡ ತುಂಬಿದ ಉದ್ದ ಬಾಲ ಹಿಂದೆ ನೇರಕ್ಕೆ ಚಾಚಿ ಮುಂದಿನ ಭಾರವನ್ನು ತೂಗುತ್ತಿತ್ತು. ಬಾಲ ಕೆಳಕ್ಕೆ ಜೋರಾಗಿ ಬಾಗಿತ್ತು, ಆದ್ದರಿಂದ ಎರಡು ಕಾಲಲ್ಲಿ ನಡೆಯಲು ಸಾಧ್ಯವೇ ಇಲ್ಲ ಅಂತ ಪೀಟರ್ ವೆಲ್ನ್‌ಹೋಫರ್ ವಾದಿಸಿದ್ದರು. ಬಾಲ ನೇರವಾಗಿಯೇ ಇತ್ತು ಅಂತ ಆಮೇಲೆ ಮಾರ್ಕಸ್ ಮೋಸರ್ ತೋರಿಸಿದರು.

ಈ ತೂಗಾಟಕ್ಕೆ ಮಿತಿ ಇದೆ. ಮೈ ಇನ್ನೂ ಬೆಳೆದರೆ ಬಾಲವೊಂದೇ ಸಾಲದು, ಮುಂಗಾಲು ನೆಲಕ್ಕೆ ಬರಲೇಬೇಕು. ದಕ್ಷಿಣ ಆಫ್ರಿಕಾದಲ್ಲಿ ಸಿಕ್ಕಿ 2018ರಲ್ಲಿ ಹೆಸರು ಪಡೆದ ಲೆಡುಮಹಾದಿ ಇದಕ್ಕೆ ಒಳ್ಳೆಯ ಉದಾಹರಣೆ. ಕಾಲ ಸುಮಾರು 20 ಕೋಟಿ ವರ್ಷ ಹಿಂದೆ, ತೂಕ ಸುಮಾರು 12 ಟನ್. ಅದು ನಾಲ್ಕು ಕಾಲಲ್ಲಿ ನಡೆಯುತ್ತಿತ್ತು. ಆದರೆ ಮುಂದಿನ ದೈತ್ಯಗಳಂತೆ ಕಂಬದಂಥ ನೇರ ಕಾಲುಗಳಿರಲಿಲ್ಲ, ಮೊಣಕಾಲು ಮಡಿಸಿದ ಭಂಗಿ. ದೈತ್ಯರಾಗುವ ದಾರಿ ಒಂದೇ ಇರಲಿಲ್ಲ ಅನ್ನೋದು ಇದರಿಂದ ಗೊತ್ತಾಗುತ್ತದೆ. ಪ್ಲೇಟಿಯೋಸಾರಸ್ ಅನ್ನು ಆ ದಾರಿಯ ನಡುವಿನ ಬಸ್‌ಸ್ಟಾಪ್ ಅಂತ ನೋಡುವುದು ಅದಕ್ಕೇ ಸರಿ ಅಲ್ಲ.

ಅಷ್ಟಕ್ಕೂ ಇದು ಪಕ್ಕಾ ಸಸ್ಯಾಹಾರಿಯಾ? ಪಾಲ್ ಬ್ಯಾರೆಟ್ 2000ದಲ್ಲಿ ಒಂದು ತಕರಾರು ಎತ್ತಿದರು. ಈಗಿನ ಇಗ್ವಾನಾಗಳಿಗೂ ಇಂಥದೇ ಎಲೆ ಆಕಾರದ ಹಲ್ಲಿದೆ. ಅವು ಸೊಪ್ಪು ತಿನ್ನುತ್ತವೆ ನಿಜ, ಹುಳಹುಪ್ಪಟೆ ಸಿಕ್ಕರೆ ಅದನ್ನೂ ಬಿಡುವುದಿಲ್ಲ. ಹಲ್ಲು ನೋಡಿ ಪೂರ್ತಿ ಊಟದ ಪಟ್ಟಿ ಬರೆಯಬಾರದು ಅಂತ ಅವರ ಮಾತು. ವಂಶದ ಹಿನ್ನೆಲೆ ನೋಡಿದರೂ ಅನುಮಾನಕ್ಕೆ ಜಾಗವಿದೆ. ಬ್ರೆಜಿಲ್‌ನ ಬುರಿಯೋಲೆಸ್ಟೆಸ್ ಇದೇ ವಂಶದ್ದು, ಸುಮಾರು 23.3 ಕೋಟಿ ವರ್ಷ ಹಳೆಯದು. 2016ರಲ್ಲಿ ಅದರ ವಿವರ ಹೊರಬಂದಾಗ ಹಲ್ಲುಗಳು ಮಾಂಸಾಹಾರಿಯವು ಅಂತ ಗೊತ್ತಾಯಿತು. ಭೂಮಿಯ ಮೇಲೆ ನಡೆದ ಅತಿ ದೊಡ್ಡ ಸಸ್ಯಾಹಾರಿಗಳ ವಂಶ ಶುರುವಾದದ್ದು ಹುಳ, ಹಲ್ಲಿ ಹಿಡಿದು ತಿನ್ನುವ ಸಣ್ಣ ಬೇಟೆಗಾರರಿಂದ. ಎರಡು ಕಾಲಿನ ನಡಿಗೆ, ಹಿಡಿಯುವ ಕೈ, ಎರಡೂ ಆ ಬೇಟೆಗಾರರು ಬಿಟ್ಟುಹೋದ ಆಸ್ತಿ. ಪ್ಲೇಟಿಯೋಸಾರಸ್ ಕಾಲಕ್ಕೆ ಊಟ ಬದಲಾಗಿತ್ತು, ಆದರೆ ಮೈಯ ಚೌಕಟ್ಟು ಹಳೆಯದೇ ಇತ್ತು.

ಕೆಸರಲ್ಲಿ ಹೂತ ಕಾಲುಗಳು

ಟ್ರೋಸಿಂಗೆನ್‌ನ ಕೆಂಪು ಮಣ್ಣಿನಲ್ಲಿ ಈ ಪ್ರಾಣಿಗಳು ಸಿಕ್ಕ ರೀತಿಯೇ ವಿಚಿತ್ರ. ಹಿಂಗಾಲುಗಳು ನಿಂತ ಭಂಗಿಯಲ್ಲಿ, ಒಂದೊಂದು ಮೂಳೆಯೂ ಜಾಗದಲ್ಲೇ ಇದೆ. ತೊಡೆ, ಮೊಣಕಾಲು, ಪಾದ, ಬೆರಳು, ಎಲ್ಲ ಜೋಡಣೆ ಸರಿಯಾಗಿದೆ. ಮೇಲಕ್ಕೆ ಹೋದಂತೆ ಚಿತ್ರ ಕೆಡುತ್ತದೆ. ಎದೆ, ಕತ್ತು, ತಲೆ ಚೆಲ್ಲಾಪಿಲ್ಲಿ, ಕೆಲವು ಸಲ ಇಲ್ಲವೇ ಇಲ್ಲ. ಸುತ್ತಮುತ್ತ ಮಾಂಸಾಹಾರಿಗಳ ಬಾಯಿಂದ ಕಳಚಿದ ಹಲ್ಲುಗಳು.

ಮಾರ್ಟಿನ್ ಸ್ಯಾಂಡರ್ 1992ರಲ್ಲಿ ಇದಕ್ಕೆ ಕೊಟ್ಟ ವಿವರಣೆ ಸರಳ. ಮಳೆ ಬಿದ್ದಾಗ ಕೆಸರಾಗುವ ಬಯಲು. ಭಾರದ ಪ್ರಾಣಿ ಕಾಲಿಟ್ಟಿತು, ಹೂತಿತು. ಎರಡೇ ಕಾಲಿನ ಮೇಲೆ ಟನ್‌ಗಟ್ಟಲೆ ಭಾರ ಇದ್ದರೆ ಕಿತ್ತುಕೊಳ್ಳೋದು ಕಷ್ಟ. ಅಲ್ಲೇ ಸತ್ತಿತು. ಮೇಲೆ ಉಳಿದ ಭಾಗವನ್ನು ಬೇಟೆಗಾರರು ತಿಂದರು, ಕೆಸರೊಳಗಿನ ಕಾಲು ಹಾಗೇ ಉಳಿಯಿತು. ಹಗುರವಾದ ಮರಿಗಳು ಅಲ್ಲಿ ಸಿಗದೇ ಇರುವುದಕ್ಕೂ ಇದು ಹೊಂದುತ್ತದೆ. ಅವು ಹೂಳುವಷ್ಟು ಭಾರವೇ ಇರಲಿಲ್ಲ. ಅಂದಹಾಗೆ, ಆ ಜೇಡಿಮಣ್ಣು ಈಗಲೂ ಕಾಟ ಕೊಡುತ್ತಿದೆ. ನೀರು ಕುಡಿದರೆ ಉಬ್ಬಿ ಜಾರುತ್ತದೆ. ಆ ಭಾಗದ ಗುಡ್ಡ ಕುಸಿತಗಳಿಗೆ ಅದು ಕುಖ್ಯಾತ.

ನೂರಾರು ಮೂಳೆ ಒಂದೇ ಕಡೆ ಸಿಕ್ಕಿದ ಮಾತ್ರಕ್ಕೆ ಹಿಂಡು ಹಿಂಡಾಗಿ ಬದುಕುತ್ತಿದ್ದವು ಅಂತ ಹೇಳಿಬಿಡೋದು ಸುಲಭ. ಕೆಸರಿನ ಲೆಕ್ಕ ಒಪ್ಪಿದರೆ ಆ ಸಾಕ್ಷಿ ಬಿದ್ದುಹೋಗುತ್ತದೆ. ವರ್ಷಕ್ಕೊಂದು, ಎರಡು ವರ್ಷಕ್ಕೊಂದು ಸಿಕ್ಕಿಹಾಕಿಕೊಂಡರೂ ಕೊನೆಗೆ ರಾಶಿಯಾಗುತ್ತದೆ. ಹಿಂಡಿಗೆ ಗಟ್ಟಿ ಪುರಾವೆ ಬೇಕಾದರೆ ಅರ್ಜೆಂಟೀನಾದ ಮುಸ್ಸಾರಸ್ ನೋಡಬೇಕು. 19.3 ಕೋಟಿ ವರ್ಷ ಹಳೆಯ ಒಂದೇ ಜಾಗದಲ್ಲಿ 100ಕ್ಕೂ ಹೆಚ್ಚು ಮೊಟ್ಟೆಗಳು, ಸುಮಾರು 80 ಪ್ರಾಣಿಗಳು ಸಿಕ್ಕಿವೆ ಅಂತ 2021ರಲ್ಲಿ ವರದಿಯಾಯಿತು. ಒಂದೇ ವಯಸ್ಸಿನವು ಒಟ್ಟೊಟ್ಟಿಗೆ ಇವೆ. ಅಂಥದ್ದು ಪ್ಲೇಟಿಯೋಸಾರಸ್‌ಗೆ ಸಿಕ್ಕಿಲ್ಲ.

ಮರಿ ಮಾತ್ರ ಕೊನೆಗೂ ಸಿಕ್ಕಿತು, ಫ್ರಿಕ್‌ನಲ್ಲಿ. 'ಫೇಬಿಯನ್' ಅಂತ ಮುದ್ದಿನ ಹೆಸರು. ಉದ್ದ ಸುಮಾರು 2.3 ಮೀಟರ್, ತೂಕ 40ರಿಂದ 60 ಕಿಲೋ. 2020ರಲ್ಲಿ ಅದರ ವಿವರ ಪ್ರಕಟವಾದಾಗ ಹೊಸ ಸುಳಿವು ಸಿಕ್ಕಿತು. ಕೈಕಾಲುಗಳ ಅಳತೆಯ ಅನುಪಾತ ಹೆಚ್ಚುಕಡಿಮೆ ದೊಡ್ಡವುಗಳಂತೆಯೇ ಇತ್ತು. ಅಂದರೆ ಮರಿಯೂ ಎರಡೇ ಕಾಲಲ್ಲಿ ನಡೆಯುತ್ತಿತ್ತು ಅಂತ ಕಾಣುತ್ತದೆ. ಮುಸ್ಸಾರಸ್ ಹಾಗಲ್ಲ. ಅದರ ಮರಿ ನಾಲ್ಕು ಕಾಲಲ್ಲಿ ಶುರುಮಾಡಿ, ಬೆಳೆದಂತೆ ತೂಕದ ನಡುಬಿಂದು ಹಿಂದಕ್ಕೆ ಸರಿದು, ಎರಡು ಕಾಲಿಗೆ ಬರುತ್ತಿತ್ತು. ಒಂದೇ ವಂಶದ ಹತ್ತಿರದ ನೆಂಟರಲ್ಲೂ ಬೆಳೆಯುವ ಕ್ರಮ ಬೇರೆ.

ಒಂದು ಕುಳ್ಳ, ಒಂದು ಉದ್ದ

ಬೆಳವಣಿಗೆಯ ವಿಷಯ ಬಂದಾಗ ಪ್ಲೇಟಿಯೋಸಾರಸ್ ಇನ್ನೊಂದು ಅಚ್ಚರಿ ಇಟ್ಟುಕೊಂಡಿದೆ. ಮೂಳೆಯನ್ನು ಅಡ್ಡ ಕತ್ತರಿಸಿ, ತೆಳುವಾಗಿ ಉಜ್ಜಿ, ಮೈಕ್ರೋಸ್ಕೋಪ್ ಕೆಳಗಿಟ್ಟರೆ ಮರದ ಕಾಂಡದಲ್ಲಿರುವಂತೆ ವರ್ಷದ ಗೆರೆಗಳು ಕಾಣುತ್ತವೆ. ಒಳಗಿನ ಭಾಗದಲ್ಲಿ ರಕ್ತನಾಳಗಳ ತೂತುಗಳು ದಟ್ಟವಾಗಿವೆ, ಮೂಳೆ ಬೇಗ ಬೆಳೆದಿದೆ ಅಂತ ಅರ್ಥ. ಹೊರಗೆ ಬಂದಂತೆ ಗೆರೆಗಳು ಹತ್ತಿರವಾಗುತ್ತವೆ. ಬೆಳವಣಿಗೆ ನಿಂತ ಪ್ರಾಣಿಯಲ್ಲಿ ಅಂಚಿನ ಗೆರೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ನಡುವೆ ರಕ್ತನಾಳವೇ ಇರುವುದಿಲ್ಲ.

ಸ್ಯಾಂಡರ್ ಮತ್ತು ನಿಕೋಲ್ ಕ್ಲೈನ್ 2005ರಲ್ಲಿ ಟ್ರೋಸಿಂಗೆನ್ ಮತ್ತು ಫ್ರಿಕ್‌ನ ಮೂಳೆಗಳನ್ನು ಹೀಗೆ ನೋಡಿದಾಗ ಬೆಚ್ಚಿಬೀಳುವ ವ್ಯತ್ಯಾಸ ಕಂಡಿತು. ಒಂದು ಪ್ರಾಣಿ 4.8 ಮೀಟರ್ ಉದ್ದಕ್ಕೇ ಬೆಳವಣಿಗೆ ಮುಗಿಸಿತ್ತು. ಇನ್ನೊಂದು 10 ಮೀಟರ್ ತನಕ ಹೋಗಿತ್ತು. ಒಂದೇ ಜಾತಿಯಲ್ಲಿ ಒಂದಕ್ಕಿಂತ ಇನ್ನೊಂದು ಎರಡು ಪಟ್ಟು ಉದ್ದ. ತೂಕ 600 ಕಿಲೋದಿಂದ 4 ಟನ್ ತನಕ. ನಮಗೆ ಗೊತ್ತಿರುವ ಹೆಚ್ಚಿನ ಡೈನೋಸಾರ್‌ಗಳು ಹಾಗಿಲ್ಲ, ಜಾತಿಗೊಂದು ಅಳತೆ ಇರುತ್ತದೆ. ಮೇವು, ಹವೆ ಚೆನ್ನಾಗಿದ್ದರೆ ಬೆಳೆಯುವುದು, ಇಲ್ಲದಿದ್ದರೆ ಅಷ್ಟಕ್ಕೇ ನಿಲ್ಲಿಸುವುದು, ಇದು ಮೊಸಳೆ, ಆಮೆಗಳ ರೂಢಿ. ಆದರೆ ಮೂಳೆಯ ಒಳಗಿನ ನೇಯ್ಗೆ ಹೇಳುವುದು ಬಿಸಿರಕ್ತದ ಪ್ರಾಣಿಗಳಂಥ ವೇಗದ ಕಥೆ. ಬೆಳೆಯುವಾಗ ಹಕ್ಕಿಗಳಂತೆ ಬೇಗ, ಎಲ್ಲಿ ನಿಲ್ಲಿಸಬೇಕು ಅನ್ನೋದು ಮಾತ್ರ ಮೊಸಳೆಯಂತೆ ಆಯಾ ವರ್ಷದ ಪಾಡಿನ ಮೇಲೆ. ಈ ಮಿಶ್ರಣವನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಅನ್ನೋದು ಇವತ್ತಿಗೂ ಚರ್ಚೆಯಲ್ಲಿದೆ.

ಇದಕ್ಕೂ ಜಾತಿಗಳ ಗೊಂದಲಕ್ಕೂ ಸಂಬಂಧ ಇದೆ. ಉದ್ದದ್ದು ಒಂದು ಜಾತಿ, ಕುಳ್ಳದ್ದು ಇನ್ನೊಂದು ಅಂತ ಹಳೆಯ ಕಾಲದಲ್ಲಿ ಹೆಸರಿನ ಮೇಲೆ ಹೆಸರು ಇಟ್ಟರು, ಹ್ಯೂನೆ ಅದರಲ್ಲಿ ಮುಂದು. ಬರೀ ಅಳತೆ ನೋಡಿ ಜಾತಿ ಹೇಳುವಂತಿಲ್ಲ ಅಂದಮೇಲೆ ಆ ಹೆಸರುಗಳಲ್ಲಿ ಬಹಳಷ್ಟು ಉದುರಿದವು. ಇನ್ನೊಂದು ಮುಜುಗರವೂ ಇತ್ತು. ಮೊದಲು ಹೆಸರಿಟ್ಟದ್ದು ಹೆರೋಲ್ಡ್ಸ್‌ಬರ್ಗ್‌ನ ಚೂರು ಮೂಳೆಗಳಿಗೆ. ಚೆನ್ನಾಗಿ ಗೊತ್ತಿರುವುದು ಟ್ರೋಸಿಂಗೆನ್‌ನ ಪ್ರಾಣಿ. ಎರಡೂ ಒಂದೇ ಜಾತಿಯಾ ಅಂತ ಆ ಚೂರುಗಳಿಂದ ಹೇಳಲಾಗದು. 2019ರಲ್ಲಿ ಪ್ರಾಣಿಗಳ ಹೆಸರಿನ ಅಂತರರಾಷ್ಟ್ರೀಯ ಆಯೋಗ ಟ್ರೋಸಿಂಗೆನ್‌ನದ್ದನ್ನೇ ಮಾದರಿ ಜಾತಿ, ಅಂದ್ರೆ ಪ್ಲೇಟಿಯೋಸಾರಸ್ ಅನ್ನೋ ಹೆಸರಿಗೆ ಆಧಾರವಾಗುವ ಜಾತಿ, ಮಾಡಿತು. ಎಂಗೆಲ್‌ಹಾರ್ಟ್ ಹೆಸರಿನ ಜಾತಿ ಬದಿಗೆ ಸರಿಯಿತು.

ದಿನಚರಿಯ ಬಗ್ಗೆಯೂ ಒಂದು ಮಾತು. ಕಣ್ಣಿನ ಗುಡ್ಡೆಯೊಳಗೆ ಸಣ್ಣ ಮೂಳೆ ತಟ್ಟೆಗಳ ಬಳೆಯೊಂದು ಇರುತ್ತದೆ. ಅದರ ಅಳತೆಯಿಂದ ಕಣ್ಣಿಗೆ ಎಷ್ಟು ಬೆಳಕು ಬೇಕಿತ್ತು ಅಂತ ಅಂದಾಜು ಮಾಡಬಹುದು. ಲಾರ್ಸ್ ಶ್ಮಿಟ್ಜ್ ಮತ್ತು ರ‍್ಯೋಸುಕೆ ಮೋಟಾನಿ 2011ರಲ್ಲಿ ಮಾಡಿದ ಲೆಕ್ಕದಲ್ಲಿ ಪ್ಲೇಟಿಯೋಸಾರಸ್ ಹಗಲೂ ರಾತ್ರಿಯೂ ಬಿಟ್ಟು ಬಿಟ್ಟು ಓಡಾಡುವ ಪ್ರಾಣಿಗಳ ಗುಂಪಿಗೆ ಬಂತು. ಒಣ ಹವೆಯ ಬಯಲಿನಲ್ಲಿ ಅಷ್ಟು ದೊಡ್ಡ ಹೊಟ್ಟೆ ತುಂಬಿಸಬೇಕಾದ ಪ್ರಾಣಿಗೆ ಮಟಮಟ ಮಧ್ಯಾಹ್ನ ಬಿಟ್ಟು ಉಳಿದ ಹೊತ್ತೆಲ್ಲ ಮೇಯುವುದು ಅನಿವಾರ್ಯವೇ ಇದ್ದಿರಬೇಕು.

ಇವು ಯುರೋಪಿಗೆ ಬಂದದ್ದಾದರೂ ಹೇಗೆ? ಆಗ ಖಂಡಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು, ನಡುವೆ ಸಮುದ್ರದ ಅಡ್ಡಿ ಇರಲಿಲ್ಲ. ಈಗಿನ ದಕ್ಷಿಣ ಅಮೆರಿಕದಲ್ಲಿ ಈ ವಂಶ 23 ಕೋಟಿ ವರ್ಷದ ಹಿಂದೆಯೇ ಇತ್ತು. ಗ್ರೀನ್‌ಲೆಂಡಿನಲ್ಲಿ ಕಾಣುವುದು 21.4 ಕೋಟಿ ವರ್ಷದ ಹಿಂದೆ. ಅಲ್ಲಿ 1994ರಲ್ಲಿ ತೆಗೆದ ಎರಡು ತಲೆಬುರುಡೆಗಳನ್ನು ಮೊದಲು ಪ್ಲೇಟಿಯೋಸಾರಸ್ ಅಂತಲೇ ಅಂದುಕೊಂಡಿದ್ದರು. 2021ರಲ್ಲಿ ಅದು ಬೇರೆ ಪ್ರಾಣಿ ಅಂತ ಗೊತ್ತಾಗಿ ಇಸ್ಸಿ ಸಾನೆಕ್ ಅನ್ನೋ ಹೆಸರು ಬಂತು. ದಕ್ಷಿಣ ಅಮೆರಿಕಕ್ಕೂ ಗ್ರೀನ್‌ಲೆಂಡಿಗೂ ನಡುವಿನ ದೂರ ಸುಮಾರು 10,000 ಕಿಲೋಮೀಟರ್. ದಿನಕ್ಕೆ 2 ಕಿಲೋಮೀಟರ್ ನಡೆದರೂ 14 ವರ್ಷಕ್ಕೆ ತಲುಪಬಹುದಿತ್ತು. ಒಂದೂವರೆ ಕೋಟಿ ವರ್ಷ ಯಾಕೆ ಬೇಕಾಯಿತು? ಡೆನಿಸ್ ಕೆಂಟ್ ಮತ್ತು ಲಾರ್ಸ್ ಕ್ಲೆಮೆನ್ಸೆನ್ 2021ರಲ್ಲಿ ಕೊಟ್ಟ ಉತ್ತರ ಗಾಳಿಯಲ್ಲಿತ್ತು. ಇಂಗಾಲದ ಡೈಆಕ್ಸೈಡ್ ಜಾಸ್ತಿ ಇದ್ದಾಗ ನಡುವೆ ಮರುಭೂಮಿ ಪಟ್ಟಿ ಮೇವಿಲ್ಲದೆ ಸುಡುತ್ತಿತ್ತು. ಆ ಪ್ರಮಾಣ ಅರ್ಧದಷ್ಟು ಇಳಿದಾಗ ದಾರಿ ತೆರೆಯಿತು.

ಅಚ್ಚುಕಟ್ಟಾದ ವಿವರಣೆ. ಆದರೆ 2025ರ ಜನವರಿಯಲ್ಲಿ ಅಮೆರಿಕದ ವಯೋಮಿಂಗ್‌ನಿಂದ ಅಹ್ವೇಟಮ್ ಅನ್ನೋ ಕೋಳಿ ಗಾತ್ರದ ಡೈನೋಸಾರ್ ಸುದ್ದಿ ಬಂತು. ಅದೂ ಇದೇ ವಂಶದ ಆರಂಭದ ಸದಸ್ಯ ಅಂತ ಕಾಣುತ್ತದೆ, ವಯಸ್ಸು ಸುಮಾರು 23 ಕೋಟಿ ವರ್ಷ. ಅಂದ್ರೆ ಸಣ್ಣ ಡೈನೋಸಾರ್‌ಗಳು ಉತ್ತರಕ್ಕೆ ಆಗಲೇ ದಾಟಿಬಿಟ್ಟಿದ್ದವು. ದೊಡ್ಡ ಹೊಟ್ಟೆಯ ಸಸ್ಯಾಹಾರಿಗಳಿಗೆ ಮಾತ್ರ ಮರುಭೂಮಿ ಅಡ್ಡ ಬಂದಿರಬಹುದಾ? ನನಗೆ ಈ ದಿಕ್ಕಿನ ಯೋಚನೆ ಹೆಚ್ಚು ಸರಿ ಅನಿಸುತ್ತದೆ, ಆದರೆ ಸಿಕ್ಕಿರುವ ಮೂಳೆಗಳು ಇನ್ನೂ ಬಹಳ ಕಡಿಮೆ.

ನಮ್ಮ ಕಡೆ ಇಂಥವು ಇರಲಿಲ್ಲವಾ ಅಂತ ಕೇಳುವವರಿಗೆ: ಇದ್ದವು, ಪಕ್ಕದ ತೆಲಂಗಾಣದಲ್ಲೇ ಸಿಕ್ಕಿವೆ. ಕರ್ನಾಟಕದಲ್ಲಿ ಹುಡುಕಿ ಪ್ರಯೋಜನ ಕಡಿಮೆ. ನಮ್ಮ ಕಾಲಡಿಯ ಬಂಡೆ ಬಹುಪಾಲು 250 ಕೋಟಿ ವರ್ಷಕ್ಕೂ ಹಳೆಯದು. ಬಾಗಲಕೋಟೆ, ಕಲಬುರಗಿ ಕಡೆಯ ಪದರಗಲ್ಲುಗಳೂ ಮೂಳೆಯಿರುವ ಪ್ರಾಣಿಗಳು ಹುಟ್ಟುವ ಮುಂಚಿನವು. ಉತ್ತರದ ಕರಿಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ. ಪ್ಲೇಟಿಯೋಸಾರಸ್ ಕಾಲದ ಪುಟಗಳು ನಡುವೆ ಹರಿದುಹೋಗಿವೆ. ಪ್ರಾಣಹಿತಾ-ಗೋದಾವರಿ ಕಣಿವೆಯಲ್ಲಿ ಆ ಪುಟಗಳು ಉಳಿದಿವೆ. ಕೋಲ್ಕತ್ತಾದ ಭಾರತೀಯ ಸಾಂಖ್ಯಿಕ ಸಂಸ್ಥೆಯವರು ಅಲ್ಲಿ ದಶಕಗಳಿಂದ ಅಗೆಯುತ್ತಿದ್ದಾರೆ. ಅಲ್ಲಿನ ನಂಬಾಲಿಯಾ, ಜಕ್ಲಪಲ್ಲಿಸಾರಸ್ 2011ರಲ್ಲಿ ಪ್ರಕಟವಾದವು, ಎರಡೂ ಆ ಊರುಗಳ ಹೆಸರು ಹೊತ್ತವು. ಆ ಕಣಿವೆಯ ಇನ್ನೂ ಮೇಲಿನ, ಅಂದ್ರೆ ಆಮೇಲಿನ ಕಾಲದ ಪದರದಲ್ಲಿ, ರವೀಂದ್ರನಾಥ ಟ್ಯಾಗೋರರ ಹೆಸರಿನ ಬರಾಪಾಸಾರಸ್ ಸಿಕ್ಕಿತು. ಅದು ಸುಮಾರು 14 ಮೀಟರ್ ಉದ್ದದ, ನಾಲ್ಕು ಕಾಲಿನ ದೈತ್ಯ.

ಜಕ್ಲಪಲ್ಲಿಸಾರಸ್ ಅನ್ನು ಮೊದಲು ಪ್ಲೇಟಿಯೋಸಾರಸ್ ಕುಟುಂಬಕ್ಕೇ ಸೇರಿಸಿದ್ದರು. ಆಮೇಲಿನ ವಿಶ್ಲೇಷಣೆಗಳು ಅದನ್ನು ಬ್ರೆಜಿಲ್‌ನ ಉನಾಯ್ಸಾರಸ್, ಮ್ಯಾಕ್ರೋಕೋಲಮ್ ಜೊತೆ ಇಟ್ಟಿವೆ. ಮ್ಯಾಕ್ರೋಕೋಲಮ್‌ನ ಮೂರು ಅಸ್ಥಿಪಂಜರಗಳು ಒಂದೇ ಕಡೆ ಸಿಕ್ಕಿವೆ, ಉದ್ದ ಕತ್ತೂ ಸೇರಿ. ತೆಲಂಗಾಣದ್ದಕ್ಕೆ ಸಿಕ್ಕಿರುವುದು ಮುಖ್ಯವಾಗಿ ಬೆನ್ನು ಮತ್ತು ಕಾಲಿನ ಕೆಲವು ಮೂಳೆಗಳು. ಅದು ಎರಡು ಕಾಲಲ್ಲಿ ನಡೆಯಿತಾ ಅಂತ ಮೂಳೆಯಿಂದಲೇ ಹೇಳಬೇಕಾದರೆ, ಜಕ್ಲಪಲ್ಲಿ ಸುತ್ತಿನ ಕೆಂಪು ಮಣ್ಣಿನಿಂದ ಇನ್ನೂ ಒಂದು ಜೊತೆ ಮುಂಗೈ ಮೂಳೆ ಹೊರಬರಬೇಕು.